ಯಜಮಾನನ ಎದೆಯ ಕೆಮ್ಮಣ್ಣು

ಬೆಳಕು ಹರಿಯುವ ಮುಂಚೆಯೇ ಅತ್ತಿಗೆ ಕುರಿದೊಡ್ಡಿಗೆ ಓಡಿದಳು. ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತಿತ್ತು. ಆಗದೆ ಇನ್ನೇನು? ತಾಯಿ ಸತ್ತ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ, 'ಯಜಮಾನ' ಎಂದು ಹೆಸರಿಟ್ಟು, ಮಂದೆಗೇ ಟಗರು ಮಾಡಿದವಳು ಅವಳು. ಮೈದುನನಿಗೋ, ಅದು ಮುದಿಯಾಯಿತು, ಮಾರಿಬಿಡಬೇಕು ಎಂಬ ಹಟ. ಜಗಳ ಬಗೆಹರಿದದ್ದು ಹೀಗೆ: ಸಂಜೆ ಟಗರಿನ ಎದೆಗೆ ಕೆಮ್ಮಣ್ಣು ಮೆತ್ತಿ ಹೆಣ್ಣುಕುರಿಗಳ ಜೊತೆ ಬಿಡುವುದು. ಅದು ಹತ್ತಿದ ಕುರಿಯ ಹಿಂಬದಿಗೆ ಕೆಂಪು ಅಂಟುತ್ತದೆ. ಬೆಳಿಗ್ಗೆ ಕೆಂಪು ಕಂಡರೆ ಯಜಮಾನ ಉಳಿದ. ಇಲ್ಲದಿದ್ದರೆ ಮಾಂಸದಂಗಡಿಯವನ ಪಾಲು.

ಅಂಗಡಿಯವನ ಗಾಡಿ ಆಗಲೇ ಬಂದು ನಿಂತಿತ್ತು. ಮೈದುನ ಟಾರ್ಚು ಹಿಡಿದು ಒಂದೊಂದೇ ಕುರಿಯ ಹಿಂದೆ ಬಗ್ಗಿ ನೋಡಿದ.

"ನೋಡ್ಕೊಳ್ಳಿ ಅತ್ತಿಗೆ, ಎಲ್ಲ ಒಗೆದು ಒಣಗಿಸಿದ ಹಾಗಿವೆ. ನಿಮ್ಮ ಯಜಮಾನ ರಾತ್ರಿಯೆಲ್ಲ ಗೊರಕೆ ಹೊಡೆದಿದಾನೆ."

ಟಗರಿನ ಕೊರಳಿಗೆ ಹಗ್ಗ ಬಿತ್ತು. ಅತ್ತಿಗೆ ಹತ್ತಿರ ಹೋದಳು. ಕೊನೆಯ ಸಲ ಅದರ ಎದೆ ಸವರಿ, ಅಂಗೈ ನೋಡಿಕೊಂಡಳು. ಅಂಗೈಯಲ್ಲಿ ಕೆಂಪೇ ಇರಲಿಲ್ಲ.

"ತಡಿಯೋ ಮಾರಾಯ. ನಾನು ಹಿಡಿ ಹಿಡಿ ಮೆತ್ತಿದ್ದೆ. ಇವನು ಬರೀ ಮಲಗಿದ್ರೆ ಅದು ಎದೆ ಮೇಲೇ ಇರ್ಬೇಕಲ್ಲ?"

"ಗೋಡೆಗೆ ಉಜ್ಜಿರ್ತಾನೆ."

ಟಾರ್ಚಿನ ಬೆಳಕು ಗೋಡೆಯ ಮೇಲೆ ಓಡಾಡಿತು. ಸುಣ್ಣ ಬಳಿದ ಗೋಡೆ ಬೆಳ್ಳಗೇ ಇತ್ತು. ಮೈದುನ ಹುಬ್ಬು ಗಂಟಿಕ್ಕಿದ.

"ಮಣ್ಣು ಯಾತರಲ್ಲಿ ಕಲಸಿದ್ರಿ?"

"ಎಣ್ಣೆ ಮುಗಿದಿತ್ತು, ನೀರಲ್ಲಿ…" ಎನ್ನುತ್ತಲೇ ಅತ್ತಿಗೆ ಹಣೆ ಹಣೆ ಚಚ್ಚಿಕೊಂಡಳು. ನೀರಲ್ಲಿ ಕಲಸಿದ ಮಣ್ಣು ಒಣಗಿ ಪುಡಿಯಾಗುತ್ತದೆ. ಪುಡಿ ಉಣ್ಣೆಯ ಮೇಲೆ ನಿಲ್ಲುತ್ತದೆಯೇ? ಬುಡಕ್ಕೆ ಇಳಿಯುತ್ತದೆ. ಇಷ್ಟು ತಿಳಿಯದ ಹೆಂಗಸಲ್ಲ ಅವಳು. ಅವಸರ ಬುದ್ಧಿಯನ್ನೇ ತಿಂದುಹಾಕಿತ್ತು.

ಹತ್ತಿರದ ಕುರಿಯನ್ನು ತೊಡೆಗಳ ನಡುವೆ ಒತ್ತಿ ಹಿಡಿದು, ಸೊಂಟದ ಮೇಲಿನ ಉಣ್ಣೆಯನ್ನು ಎರಡೂ ಕೈಯಲ್ಲಿ ಬಿಡಿಸಿದಳು. ಚರ್ಮದ ಹತ್ತಿರ ಕೆಂಪು ಧೂಳು ಕೂತಿತ್ತು. ಅವಳಿಗೆ ಜೀವ ಬಂದಂತಾಯಿತು. ಇನ್ನೊಂದನ್ನು ಹಿಡಿದಳು. ಅಲ್ಲೂ ಕೆಂಪು.

"ಅತ್ತಿಗೆ, ಇಲ್ಲೂ ಇದೆ, ಬೇಗ ಬನ್ನಿ," ಎಂದು ಆಚೆ ಮೂಲೆಯಿಂದ ಕೂಗಿದವನು ಮೈದುನ. ತಾನು ಯಾರ ಕಡೆಯವನು ಎಂಬುದನ್ನೇ ಮರೆತು ಕುರಿಯಿಂದ ಕುರಿಗೆ ಹಾರುತ್ತಿದ್ದ. ಮೊಣಕೈವರೆಗೂ ಕೆಂಪಾಗಿದ್ದ.

"ಏನಪ್ಪ, ಎತ್ತಿ ಹಾಕ್ಲಾ?" ಎಂದ ಅಂಗಡಿಯವನು.

ಮೈದುನ ತನ್ನ ಕೈ ನೋಡಿಕೊಂಡ, ಅತ್ತಿಗೆಯ ಮುಖ ನೋಡಿದ.

"ನೀವು ಹೊರಡಿ. ನಮ್ಮ ಯಜಮಾನನಿಗೆ ಇನ್ನೂ ಕೆಲಸ ಇದೆ."

'ನಮ್ಮ' ಎಂದದ್ದು ಕೇಳಿ ಅತ್ತಿಗೆಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಹಗ್ಗ ಬಿಚ್ಚಿದಳು. ಟಗರು ಯಾರನ್ನೂ ತಿರುಗಿ ನೋಡದೆ ಸೀದಾ ಹೆಣ್ಣುಕುರಿಗಳ ನಡುವೆ ನುಗ್ಗಿತು.