ಮುಂಗಾರಿನ ಅಳತೆ

೧೯೩೧ನೆಯ ಇಸವಿ ಜೂನ್ ಹನ್ನೊಂದನೆಯ ತಾರೀಕು, ಬೆಳಗಿನ ಎಂಟು ಗಂಟೆ. ರಾತ್ರಿಯೆಲ್ಲ ಸುರಿದ ಪ್ರಥಮ ವರ್ಷಧಾರೆಯಲ್ಲಿ ಮಿಂದ ಕುಂತಿಬೆಟ್ಟದ ಜೋಡಿ ಶಿಖರಗಳು ಆಗತಾನೆ ಅತ್ತು ಸುಮ್ಮನಾದ ಶಿಶುವಿನ ರೆಪ್ಪೆಗಳಂತೆ ಆರ್ದ್ರವಾಗಿ ಹೊಳೆಯುತ್ತಿದ್ದವು. ಮೇಘಮಾಲೆಯ ಬಿರುಕಿನಿಂದ ಜಾರಿದ ಎಳೆಬಿಸಿಲು ಹಿರೋಡೆಯ ಹೊಲಗಳ ಮೇಲೆ ಹರಡಿ, ಬೇಸಿಗೆಯುದ್ದಕ್ಕೂ ಬಾಯಾರಿದ್ದ ಕೆಮ್ಮಣ್ಣಿನ ಒಂದೊಂದು ಹೆಂಟೆಯನ್ನೂ ಮೆಲ್ಲನೆ ಸವರುತ್ತಿತ್ತು... ಆ ಮೃದ್ಗಂಧವನ್ನು ಒಮ್ಮೆ ಆಘ್ರಾಣಿಸಿದವನು, ವಾಚಕ ಮಹಾಶಯ, ಲೋಕದಲ್ಲಿ ದುಃಖವೆಂಬುದೊಂದಿದೆ ಎಂದು ನಂಬಬಲ್ಲನೇ!

ಆದರೆ ಚಿಕ್ಕಸ್ವಾಮಿ ಮೇಷ್ಟ್ರಿಗೆ ಆ ಬೆಳಗು ಭಯವನ್ನೇ ತಂದಿತ್ತು. ಕಡುಬಡವರ ಮಕ್ಕಳಿಗೆಂದು ತೆರೆದ ಅವರ ಪಾಠಶಾಲೆಯಲ್ಲಿ ಫೀಜಿಲ್ಲ. ಸ್ಲೇಟು, ಬಳಪಗಳೂ ಪುಕ್ಕಟೆ. ಆದರೂ ನೆಲ ನೆನೆದ ದಿನ ಮಕ್ಕಳೆಲ್ಲ ಹೊಲಗಳಲ್ಲಿ ಕರಗಿಹೋಗುತ್ತಿದ್ದರು. ಶಾಲೆಯಂಗಳದ ಮಳೆಮಾಪಕವನ್ನು ನೋಡಿ, ಅಂಗುಲಗಳಲ್ಲಿ, ಅಂಗುಲದ ನೂರನೆಯ ಪಾಲಾದ ಸೆಂಟುಗಳಲ್ಲಿ ಮಳೆಯ ಲೆಕ್ಕ ಹಿಡಿಯುವುದೂ ಅವರದೇ ಕೆಲಸ. ನಾಡು ಯಾವ ಹನಿಗಾಗಿ ಕೈಮುಗಿಯುತ್ತಿತ್ತೋ ಅದೇ ಹನಿ ತಮ್ಮ ಶಾಲೆಯನ್ನು ಬರಿದುಮಾಡುವುದನ್ನು ಗಾಜಿನ ಕೊಳವೆಯಲ್ಲಿ ತಾವೇ ಅಳೆಯಬೇಕಾದ ವಿಧಿವೈಚಿತ್ರ್ಯ!

ಪಕ್ಕದ ಬಾವಿಗೆ ನೀರಿಗೆ ಬರುತ್ತಿದ್ದ ಚಲುವಮ್ಮ ಕಮ್ಮಾರ ಹೊನ್ನಪ್ಪಾಚಾರಿಯ ಹಿರಿಯ ಮಗಳು. ಮಳೆಯಾದ ಬೆಳಗುಗಳಲ್ಲಿ ಕೊಡವಿಳಿಸಿ ಒಂದೇ ಮಾತು ಕೇಳುತ್ತಿದ್ದಳು: “ಎಸ್ಟು ಬಿದ್ದದೆ ಸ್ವಾಮಿ?” ಅವರು ಅಂಕಿ ಹೇಳುತ್ತಿದ್ದರು. ಅಷ್ಟೇ! ಜಾತಿ ಬೇರೆಯಾದ ಆ ಇಬ್ಬರ ಅನುರಾಗಕ್ಕೆ ಜಗತ್ತು ಬಿಟ್ಟುಕೊಟ್ಟಿದ್ದ ಸ್ಥಳ ಆ ಪ್ರಶ್ನೆಗೂ ಉತ್ತರಕ್ಕೂ ನಡುವಣ ಕ್ಷಣಮಾತ್ರ. ಅಷ್ಟರಲ್ಲಿಯೇ ಅದು ತುಂಬೆಹೂವಿನೊಳಗಿನ ಮಧುಬಿಂದುವಿನಂತೆ ಅಡಗಿ ಬದುಕಿತ್ತು...

ಅಂದು ಅವಳು ಮಳೆಯನ್ನು ಕೇಳಲಿಲ್ಲ. “ಪುಟ್ಟಲಕ್ಷ್ಮೀನ ಇವತ್ತೇ ಅಲ್ವರಾ ಕರ್ಕೊಂಡೋಗೋದು?” ಎಂದಳು.

ಪುಟ್ಟಲಕ್ಷ್ಮಿ ಅವಳ ತಂಗಿ, ತಾಯಿಯಿಲ್ಲದ ಮಗು. ಮೈಸೂರಿನಲ್ಲಿ ದಾನಿಗಳು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಯೊಂದು ಅನ್ನ, ಬಟ್ಟೆ, ವಿದ್ಯೆ ಮೂರನ್ನೂ ಉಚಿತವಾಗಿ ಕೊಡಲು ಅಂದು ಹನ್ನೊಂದು ಗಂಟೆಗೆ ಶ್ರೀರಂಗಪಟ್ಟಣದಲ್ಲಿ ಮಕ್ಕಳನ್ನು ಆರಿಸಲಿತ್ತು. ಅಷ್ಟರೊಳಗೆ ಹೋಗುವ ಒಂದೇ ರೈಲಿನಲ್ಲಿ ಮೇಷ್ಟ್ರೇ ಕರೆದೊಯ್ದು ನಿಲ್ಲಿಸಬೇಕು. ಹತ್ತು ತುಂಬಿದವರನ್ನು ಸೇರಿಸಿಕೊಳ್ಳರು; ಪುಟ್ಟಲಕ್ಷ್ಮಿಗೆ ಬರುವ ತಿಂಗಳು ಹತ್ತು.

ಮೇಷ್ಟ್ರು ಅವಳ ಹಿಂದೆಯೇ ಹೋದಾಗ ಕುಲುಮೆಯ ಮುಂದೆ ಆಗಲೇ ನೇಗಿಲ ಗುಳ ಹಿಡಿದ ರೈತರ ಸಾಲು. ನೆಲದ ಹದ ಆರುವ ಮೊದಲೇ ಉಳಬೇಕು. ಗುಳದ ಮೊನೆ ತಟ್ಟಿಸದೆ ಉಳುವಂತಿಲ್ಲ. ಹೊನ್ನಪ್ಪ ಇಕ್ಕಳ ಹಿಡಿಯುವನು, ಚಲುವಮ್ಮ ದೊಡ್ಡ ಸುತ್ತಿಗೆ ಬೀಸುವಳು, ತಿದಿಯೊತ್ತಿ ಬೆಂಕಿಗೆ ಗಾಳಿಯೂಡುವವಳು ಪುಟ್ಟಲಕ್ಷ್ಮಿ.

“ಕಾಸಿಲ್ದೆ ಓದಿಸ್ತೀರಿ, ದೊಡ್ ಮಾತು ಸ್ವಾಮಿ,” ಎಂದ ಹೊನ್ನಪ್ಪ ತಲೆಯೆತ್ತದೆ. “ಕಾಸಿಲ್ದೆ ತಿದಿ ಒತ್ತೋರು ಯಾರವ್ರೆ? ನೀವೇ ಕುಂತ್ಕೊಂಡ್ರೆ ಮಗೀನ ಕರ್ಕೊಂಡೋಗೋರ್ಯಾರು?”

ಸಾಲಿನ ಮುಂದಿದ್ದ ರೈತ ತಮ್ಮಯ್ಯ ಪಂಚೆ ಎತ್ತಿಕಟ್ಟಿದ.

“ಬುಡು ಆಚಾರಿ! ಉಬ್ಬೋದು ಇಳಿಯೋದ ನನ್ನ ಎಂಡ್ರ ಮಕದಲ್ಲೇ ಇಪ್ಪತ್ತು ವರ್ಸ ನೋಡಿವ್ನಿ, ಈ ತಿದಿ ಯಾವ ಲೆಕ್ಕ? ಮೊದಲು ನನ್ನ ಗುಳಾನೇ ಇಕ್ಕು. ಎದ್ದೇಳಮ್ಮಿ ಪುಟ್ಟಿ, ರೈಲು ಬಂದ್ಬುಡ್ತದೆ!”

“ನಿನ್ ಕೈಲಿ ಗುಳ ಕಡ್ಲೆಪುರಿ ಆಯ್ತದೆ ಕಣ್ಲಾ!” ಹಿಂದಿನಿಂದ ಯಾರೋ ಕೂಗಿದರು, ಎಲ್ಲರೂ ನಕ್ಕರು.

ಚಲುವಮ್ಮ ತಂಗಿಯ ಕೆನ್ನೆಯ ಮಸಿಯನ್ನು ಸೆರಗಿನಿಂದ ಒರೆಸಿದಳು. “ಓಗು ಮಗಾ. ಇಂದಕ್ಕೆ ತಿರುಗಿ ನೋಡ್ಬ್ಯಾಡ.” ಆಮೇಲೆ ಮೇಷ್ಟ್ರನ್ನು ನೋಡಿದಳು. ಆಹಾ, ಆ ನೋಟ! ತನಗೆ ದೊರೆಯದ ಸಮಸ್ತವನ್ನೂ ಒಂದು ಪುಟ್ಟ ಕೈಯಲ್ಲಿಟ್ಟು ಅವರಿಗೆ ಒಪ್ಪಿಸಿದ್ದಳು.

ನಿಲ್ದಾಣದ ಹಾದಿಯಲ್ಲಿ ಮಗು ಹಿಂದಿರುಗಿ ನೋಡಲಿಲ್ಲ. ಆದರೆ ಅದರ ಕಿವಿ ಕುಲುಮೆಯಲ್ಲಿಯೇ ಉಳಿದಿತ್ತು. “ಜೋರಾಗ್ ಒತ್ತಾವ್ನೆ ಮೇಷ್ಟ್ರೇ,” ಎಂದಿತು ಮೆಲ್ಲನೆ. “ಕಬ್ಣ ಬೆಂದೋಯ್ತದೆ.”

ಹೇಳಿ ಮುಗಿಯುವಷ್ಟರಲ್ಲಿ ಸುತ್ತಿಗೆಯ ನಾದ ಒಡೆಯಿತು. ಅತಿಯಾಗಿ ಕಾದ ಗುಳ ಮೊದಲ ಏಟಿಗೇ ಕಿಡಿಯುಗುಳಿ ಪುಡಿಯಾಗಿತ್ತು! “ಅಯ್ಯೋ, ಗುಳ ಓಯ್ತಲ್ಲಪ್ಪಾ! ಈಗೇನ್ ಉಗುರಲ್ಲಿ ಉಳ್ಲಾ?” ತಮ್ಮಯ್ಯನ ಕೂಗು, ಅದರ ಹಿಂದೆಯೇ ಎಲ್ಲರ ಗದ್ದಲ... ಎದುರಿಗೆ, ತೋಪಿನಾಚೆ, ರೈಲಿನ ಸಿಳ್ಳು.

“ಎಲ್ಲಾರ ಗುಳಾನೂ ಓಯ್ತದೆ. ಅಕ್ಕನ್ನ ಬೈತಾರೆ.”

ತಮ್ಮ ಕೈಯೊಳಗಿದ್ದ ಮಗುವಿನ ಬೆರಳುಗಳು ಜಾರಿದವೋ, ತಾವೇ ಸಡಿಲಿಸಿದರೋ, ಮೇಷ್ಟ್ರಿಗೆ ತಿಳಿಯಲಿಲ್ಲ. ಬಿಗಿಹಿಡಿದಿದ್ದರೆ ಮಗು ಬರುತ್ತಿತ್ತು. ಆದರೆ ಅಷ್ಟು ಹೊಲಗಳ ಬಿತ್ತನೆಗೆ ಅವರು ಏನು ಹೇಳಿಯಾರು? ಮಗು ಓಡಿತು. ಕುಲುಮೆಯ ಬಾಗಿಲಲ್ಲಿ ಚಲುವಮ್ಮ ಸುತ್ತಿಗೆ ಕೆಳಗಿಟ್ಟು, ಬರಬೇಡ, ಬರಬೇಡ ಎಂದು ಎರಡೂ ಕೈ ಬೀಸುತ್ತಿದ್ದಳು. ಆ ಕೈಗಳೊಳಗೇ ಮಗು ಬಂದು ಬಿದ್ದಿತು! ರೈಲು ನಿಂತಿತು, ಹೊರಟಿತು. ಅದರ ಹೊಗೆ ಮುಂಗಾರಿನ ಮೋಡದಲ್ಲಿ ಬೆರೆತು ಯಾವುದು ಯಾವುದೆಂದು ಗುರುತು ಸಿಗದಾಯಿತು... ಸ್ವಲ್ಪ ಹೊತ್ತಿಗೆ ಸುತ್ತಿಗೆಯ ಪೆಟ್ಟು ಎಂದಿನ ಲಯಕ್ಕೆ ಮರಳಿತು.

ರಾತ್ರಿ ಮತ್ತೆ ತುಸು ಮಳೆ ಬಿದ್ದಿತ್ತು. ಮರುದಿನ ಬೆಳಗ್ಗೆ ಚಲುವಮ್ಮ ಬಾವಿಯ ಕಟ್ಟೆಯ ಮೇಲೆ ಕೊಡವಿಟ್ಟಳು. ನಿಂದಿಸಲಿಲ್ಲ, ಅಳಲಿಲ್ಲ. ಮನುಷ್ಯ ಹೃದಯದ ರೀತಿಯೇ ಹೀಗೆ, ವಾಚಕ ಮಹಾಶಯ! ಹೇಳಲಾರದ ವ್ಯಥೆ ತುಂಬಿ ಬಂದಾಗ ಅದು ಹೊಸ ಮಾತನ್ನು ಹುಡುಕುವುದಿಲ್ಲ. ನಿತ್ಯದ ಮಾತಿನ ಆಸರೆಯನ್ನೇ ಅರಸುತ್ತದೆ.

“ಎಸ್ಟು ಬಿದ್ದದೆ ಸ್ವಾಮಿ?”

ಮೇಷ್ಟ್ರು ಕೊಳವೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಹದಿನೇಳು ಸೆಂಟು.