ವೀರಗಲ್ಲು ನೋಡಲು ಬಂದವರು

ಬಂಗಾರಪೇಟೆಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ರಾಮಚಂದ್ರಪ್ಪನವರಿಗೆ, ಐವತ್ತೊಂಬತ್ತನೆಯ ಇಸವಿಯಲ್ಲಿ ಕಾರು ಕೊಂಡ ಮೇಲೆ ಹಳ್ಳಿ ಸುತ್ತುವ ಹುಚ್ಚು ಹತ್ತಿತು. ಭಾನುವಾರ ಬಂತೆಂದರೆ ಯಾವುದಾದರೂ ಹಳೆಯ ಗುಡಿ, ಬಂಡೆಬೆಟ್ಟ, ಕೆರೆ ಏರಿ. ನೆರಳಿದ್ದ ಕಡೆ ಜಮಖಾನ ಹಾಸಿ ಊಟ. ಬೇತಮಂಗಲದ ಕೆರೆ ನೋಡಿ ಮುಗಿದಿತ್ತು. ಬೆಂಗಳೂರಿನಿಂದ ಬಂದ ಭಾವಮೈದನಿಗೆ ಹೊಸದೇನು ತೋರಿಸುವುದು ಎನ್ನುತ್ತಿದ್ದಾಗ ಡ್ರೈವರ್ ಕೋದಂಡಪ್ಪ ಬಾಯಿಬಿಟ್ಟ.

"ಕ್ಯಾಸಂಬಳ್ಳಿ ಆಚೆ ಒಂದೂರಲ್ಲಿ ವೀರಗಲ್ಲೈತೆ ಸಾರ್. ಹುಲಿ ಇರಿಯೋ ಆಳನ್ನ ಕೆತ್ತವ್ರೆ. ಪಕ್ಕದಾಗೇ ಕಲ್ಯಾಣಿ."

ಅದು ತನ್ನೂರೆಂದು ಮಾತ್ರ ಹೇಳಲಿಲ್ಲ. ಕೆಲಸ ಕೇಳುವಾಗ ಚಿನ್ನದ ಗಣಿಯ ಪೇಟೆ ಮಾರಿಕುಪ್ಪಂನವನು ಎಂದಿದ್ದ. ಹಳ್ಳಿ ಗಮಾರನ ಕೈಗೆ ಕಾರು ಕೊಡುವುದಿಲ್ಲ ಎಂದು ಯಾರೋ ಹೆದರಿಸಿದ್ದರು. ಕಲ್ಲು ಇರುವುದು ಊರ ಹೊರಗೆ, ರಾಗಿ ಕೊಯ್ಲಿನ ಕಾಲದಲ್ಲಿ ಅಲ್ಲಿ ಯಾರಿರುತ್ತಾರೆ ಎಂದುಕೊಂಡ.

ಆದರೆ ಆ ವರ್ಷ ಕಣ ಮಾಡಿದ್ದು ಕಲ್ಲಿನ ಪಕ್ಕದಲ್ಲೇ. ಕಾರು ನಿಂತಾಗ ರಾಗಿ ತುಳಿಸುತ್ತಿದ್ದವರೆಲ್ಲ ಎತ್ತು ನಿಲ್ಲಿಸಿ ತಿರುಗಿ ನೋಡಿದರು. ಯಾರೂ ಬನ್ನಿ ಎನ್ನಲಿಲ್ಲ. ಹಿಂದೆ ಹೀಗೆಯೇ ಬಂದವರು ಕುಡಿಯುವ ನೀರಿನ ಕಲ್ಯಾಣಿಯಲ್ಲಿ ಸೋಪು ಹಾಕಿ ಮಿಂದು, ಬಂಡೆಯ ಮೇಲೆ ತಮ್ಮ ಹೆಸರು ಕೆತ್ತಿ ಹೋಗಿದ್ದರು.

ಕೋದಂಡಪ್ಪನ ದೊಡ್ಡಪ್ಪನ ಮಗ ಬಚ್ಚಪ್ಪ ಹುಲ್ಲು ಕೆದಕುವ ಕವೆಗೋಲು ಹಿಡಿದೇ ಹತ್ತಿರ ಬಂದ. "ಏಮ್ರಾ, ಈ ಸಲ ನೀನೇ ಕರ್ಕಂಬಂದ್ಯಾ?"

ಕೋದಂಡಪ್ಪ ಕೇಳದವನಂತೆ ಟಿಫಿನ್ ಕ್ಯಾರಿಯರ್ ಇಳಿಸಿದ.

ವೀರಗಲ್ಲು ಅರ್ಧ ಹೂತು ಓರೆಯಾಗಿತ್ತು. ಭಾವಮೈದ ಅದರ ನೆತ್ತಿಯ ಮೇಲೆ ಕುಳಿತು, ಬೂಟುಗಾಲನ್ನು ಕೆತ್ತನೆಯ ಎದೆಗೆ ಒತ್ತಿ, "ಭಾವ, ಫೋಟೋ ತೆಗೀರಿ" ಎಂದ.

ಕಣದಲ್ಲಿ ಮೊರ ಹಿಡಿದಿದ್ದ ಮುದುಕಿಯೊಬ್ಬಳು ಅದನ್ನು ಕೆಳಗಿಟ್ಟು ಬಂದಳು. ಅವಳು ಮುತ್ಯಾಲಮ್ಮ, ಕೋದಂಡಪ್ಪನ ತಾಯಿ. ಆ ಕಲ್ಲಿಗೆ ವರ್ಷಾ ವರ್ಷ ಎಡೆ ಇಡುತ್ತಿದ್ದದ್ದು ಅವಳ ಮನೆಯವರೇ.

"ಏಳಪ್ಪಾ ಮೇಲಕ್ಕೆ."

"ನೋಡೋಕೆ ಬಂದಿದ್ದೀವಮ್ಮ, ಹೊತ್ಕೊಂಡು ಹೋಗೋಕಲ್ಲ," ಎಂದು ರಾಮಚಂದ್ರಪ್ಪ ನಕ್ಕರು.

"ನೋಡೋದು ಕಣ್ಣಾಗೆ, ಕುಂಡ್ಯಾಗಲ್ಲ!"

ಕಣದಲ್ಲಿ ಗೊಳ್ಳೆಂದು ನಗು ಎದ್ದಿತು. ಭಾವಮೈದನ ಮುಖ ಕೆಂಪಾಯಿತು, ಆದರೂ ಏಳಲಿಲ್ಲ. ರಾಮಚಂದ್ರಪ್ಪ ಡ್ರೈವರ್ ಕಡೆ ತಿರುಗಿದರು. "ಯಾರೋ ಇವಳು? ನಿನಗೆ ಗೊತ್ತಾ?"

ಮುತ್ಯಾಲಮ್ಮ ಮಗನನ್ನೇ ನೋಡುತ್ತಿದ್ದಳು.

"ಯಾರೋ ಹುಚ್ಚಿ ಸಾರ್," ಎಂದ ಕೋದಂಡಪ್ಪ.

ನಗು ನಿಂತುಹೋಯಿತು. ಬಚ್ಚಪ್ಪ ಕವೆಗೋಲನ್ನು ನೆಲಕ್ಕೆ ಕುಟ್ಟಿದ. "ಸ್ವಾಮೀ, ಆ ಹುಚ್ಚಿ ಇವನ ಎತ್ತ ತಾಯಿ. ನಿಮ್ಮೋರು ಕುಂತಿರೋದು ಇವನ ವಂಶದ ಕಲ್ಲಿನ ಮ್ಯಾಲೆ."

ಭಾವಮೈದ ಈಗ ಎದ್ದ. ಅಷ್ಟರಲ್ಲಿ ಇಬ್ಬರು ಗಾಡಿಯೊಂದನ್ನು ತಳ್ಳಿ ತಂದು ಕಾರಿನ ದಾರಿಗೆ ಅಡ್ಡ ನಿಲ್ಲಿಸಿದ್ದರು.

"ಕಲ್ಲು ತೊಳೆದು ಓಗಿ," ಎಂದ ಬಚ್ಚಪ್ಪ.

ರಾಮಚಂದ್ರಪ್ಪ ಅಡ್ಡ ನಿಂತ ಗಾಡಿಯನ್ನೂ ಕೈಗಳಲ್ಲಿದ್ದ ಕವೆಗೋಲುಗಳನ್ನೂ ನೋಡಿದರು. "ಲೋ, ತೊಳೆಯೋ," ಎಂದರು ಡ್ರೈವರಿಗೆ. ಕೋದಂಡಪ್ಪ ಕಣದ ಅಂಚಿನಲ್ಲಿದ್ದ ಬಿಂದಿಗೆಗೆ ಕೈ ಹಾಕಿದ.

"ಅವನು ಮುಟ್ಟಕೂಡ್ದು," ಎಂದಳು ಮುತ್ಯಾಲಮ್ಮ. ದನಿ ಏರಿಸಲಿಲ್ಲ.

ಕೊನೆಗೆ ಗಿರಣಿಯ ಯಜಮಾನರೇ ಪಂಚೆ ಎತ್ತಿಕಟ್ಟಿ ಕಲ್ಯಾಣಿಗೆ ಇಳಿದು ನೀರು ತಂದರು. ಭಾವಮೈದ ಹಲ್ಲು ಕಚ್ಚಿಕೊಂಡು ಬೂಟಿನ ಗುರುತು ಉಜ್ಜಿದ. ಇಡೀ ಕಣ ನಿಂತು ನೋಡಿತು. ಗಾಡಿ ಸರಿಯಿತು.

ಕಾರು ಕ್ಯಾಸಂಬಳ್ಳಿ ದಾಟಿತು. ಆಮೇಲೆ ರಾಮಚಂದ್ರಪ್ಪ, "ನಿಲ್ಸು. ಇಳಿ," ಎಂದರು. "ಹೆತ್ತ ತಾಯೀನೇ ಯಾರೋ ಅಂದೋನು ನಾಳೆ ನನ್ನ ಏನಂತೀಯ? ಬೇರೆ ಕೆಲಸ ನೋಡ್ಕೊ." ಭಾವಮೈದ ಸ್ಟೇರಿಂಗ್ ಹಿಡಿದ. ಧೂಳು ಅಡಗುವವರೆಗೂ ಕೋದಂಡಪ್ಪ ರಸ್ತೆಯಂಚಿನಲ್ಲಿ ನಿಂತಿದ್ದ.

ಬಂಗಾರಪೇಟೆಗೆ ಹೋಗುವ ಬಸ್ಸು ಬಂತು, ಹತ್ತಲಿಲ್ಲ. ಹೊತ್ತು ಇಳಿಯುವಾಗ ನಡೆದುಕೊಂಡೇ ಊರು ಸೇರಿದ. ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಬಳಿ ನಿಂತು "ಅಮ್ಮಾ" ಎಂದ.

ಮುತ್ಯಾಲಮ್ಮ ಹೊರಗೆ ಬಂದು ಅವನ ಕಾಲು, ಧೂಳು ಹಿಡಿದ ಬಿಳಿ ಅಂಗಿ ನೋಡಿದಳು. ಒಳಗೆ ಕರೆಯಲಿಲ್ಲ. ಜಗಲಿಯ ಮೇಲೆ ಮುತ್ತುಗದ ಎಲೆ ಹಾಸಿ, ಮುದ್ದೆ ಇಟ್ಟು, ಅವರೆಕಾಳಿನ ಸಾರು ಬಿಟ್ಟಳು. ದಾರಿಹೋಕರಿಗೆ ಆ ಮನೆಯಲ್ಲಿ ಹಾಗೇ ಬಡಿಸುತ್ತಿದ್ದರು.

"ಕುಂತ್ಕಳಿ. ಉಂಡು ಓಗ್ರಪ್ಪಾ," ಎಂದಳು. "ಕತ್ತಲಾಗೋಕ್ಮುಂಚೆ ಒಂಟ್ರೆ ಬಸ್ಸು ಸಿಕ್ತದೆ ನಿಮ್ಗೆ."

ಹುಟ್ಟಿದಾಗಿನಿಂದ ಅವಳು ಅವನನ್ನು ಬಹುವಚನದಲ್ಲಿ ಕರೆದದ್ದೇ ಇಲ್ಲ. "ತಪ್ಪಾಯ್ತಮ್ಮಾ, ನಾನು..." ಎಂದು ಅವನು ಶುರು ಮಾಡುವಷ್ಟರಲ್ಲಿ ಅವಳು ಒಳಗೆ ಹೋಗಿ ಅಗುಳಿ ಹಾಕಿದಳು.

ಕೋದಂಡಪ್ಪ ಎಲೆಯ ಮುಂದೆ ಕುಳಿತು, ಬಾಗಿಲ ಕಡೆ ನೋಡುತ್ತಲೇ ಮುದ್ದೆ ಮುರಿದ.