ಸ್ನೋ ಹಚ್ಚಿದ ಮುಖ

ಆದವಾನಿಯ ಶಾಂತಕ್ಕ ಕೋಸಗಿ ಸ್ಟೇಷನ್ನಿನಲ್ಲಿ ರೈಲು ಇಳಿದಾಗ ಆಕೆಯ ಕೈಯಲ್ಲಿ ಎರಡು ಗಂಟುಗಳಿದ್ದವು. ಒಂದರಲ್ಲಿ ಆಕೆಯ ಸೀರೆಗಳಿದ್ದವು. ಇನ್ನೊಂದರಲ್ಲಿ ಅಣ್ಣನ ಮಗಳು ಗಂಗಕ್ಕನ ಹೊಸ ಮುಖವಿತ್ತು: ಕಡಲೆಹಿಟ್ಟು, ಕಸ್ತೂರಿ ಅರಿಶಿನ, ಗುಲಾಬಿ ಬಣ್ಣದ ಸೋಪು, ಪೌಡರ್ ಡಬ್ಬಿ, ಹಳೆಯ ರವಿಕೆಯಲ್ಲಿ ಸುತ್ತಿದ ಮುಖ ಬೆಳ್ಳಗಾಗಲು ಹಚ್ಚುವ ಒಂದು ಗಾಜಿನ ಭರಣಿ ಸ್ನೋ. ಭರಣಿ ಒಡೆದೀತೆಂದು ದಾರಿಯುದ್ದಕ್ಕೂ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದಳು. ಸೀರೆಯ ಗಂಟಿನ ಮೇಲೆ ಯಾರೋ ಕೂತಿದ್ದರು.

ಗಂಗಕ್ಕನ ತಾಯಿ ಬಹಳ ಹಿಂದೆಯೇ ತೀರಿಹೋಗಿದ್ದಳು. ಹಾಗಾಗಿ ಆ ಮನೆಯಲ್ಲಿ ಹೆಣ್ಣುಮಕ್ಕಳ ವಿಷಯಕ್ಕೆ ಶಾಂತಕ್ಕನ ಮಾತೇ ಕೊನೆ. ಕುರಿಗಳ ವಿಷಯಕ್ಕೆ ಗಂಗಕ್ಕನ ಮಾತೇ ಕೊನೆ. ಉಳಿದದ್ದಕ್ಕೆಲ್ಲ ತಂದೆ ಉಚ್ಚೀರಪ್ಪನೇ ಯಜಮಾನ. ಉಳಿದದ್ದು ಅಂತ ಹೆಚ್ಚೇನೂ ಇರಲಿಲ್ಲ.

ಜೋಳ ಕೊಯ್ದ ಮೇಲೆ ತಂದೆ ಮಗಳು ಇಬ್ಬರೂ ಕುರಿ ಹೊಡೆದುಕೊಂಡು ಪತ್ತಿಕೊಂಡದ ಕಡೆ ಮೇವಿಗೆ ಹೋಗಿದ್ದರು. ಅಲ್ಲಿ ಒಂದು ಸಂಜೆ ಇವರ ಹಿಂಡು ಇನ್ನೊಬ್ಬರ ಹಿಂಡಿನೊಳಗೆ ಕಲೆತುಹೋಯಿತು. ಗಂಡಸರು ಕೋಲು ಬೀಸಿ, ಕೂಗಾಡಿ, ಇನ್ನಷ್ಟು ಕಲಸಿದರು. ಗಂಗಕ್ಕ ಬದುವಿನ ಮೇಲೆ ನಿಂತು ನಾಲಿಗೆ ಮಡಿಚಿ ಕರೆದಳು. ಅವಳ ಕುರಿಗಳು ತಾವಾಗಿಯೇ ಬೇರೆಯಾಗಿ ಬಂದು ಅವಳ ಹಿಂದೆ ನಿಂತವು. ಆ ಕಡೆಯ ಹಿಂಡಿನ ಹುಡುಗ ಗಾದಿಲಿಂಗಪ್ಪ ಅದನ್ನು ನೋಡುತ್ತಾ ನಿಂತಿದ್ದವನು, "ನಮ್ಮವು ನನ್ನ ಮಾತು ಹಿಂಗ ಕೇಳಂಗಿಲ್ಲ" ಅಂದ. ಅಷ್ಟೇ ಅಂದದ್ದು. ಆ ಒಂದು ಮಾತನ್ನು ಗಂಗಕ್ಕ ಊರಿಗೆ ಬರುವವರೆಗೂ ಮನಸ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಂಡು ಬಂದಳು. ಬೇರೆ ಯಾರನ್ನೂ ತಾನು ಮದುವೆಯಾಗಲಾರೆ ಎಂಬುದು ಅವಳಿಗೆ ಗೊತ್ತಾಗಿತ್ತು. ಈಗ ಅವನ ಮನೆಯಿಂದಲೇ ಹೆಣ್ಣು ನೋಡಲು ಬರುತ್ತೇವೆಂದು ಹೇಳಿಕಳಿಸಿದ್ದರು.

ಶಾಂತಕ್ಕ ಸೋದರಸೊಸೆಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅಯ್ಯ ನನ್ನವ್ವ, ಈ ಮಾರಿ ಹೊತ್ಕೊಂಡು ಅವರ ಮುಂದ ಹೆಂಗ ಕುಂದರ್ತೀಯೇ?"

"ಆತ ನನ್ನ ನೋಡ್ಯಾನ ಅತ್ತಿ."

"ಯಾವಾಗ ನೋಡಿದ?"

"ಸಂಜಿಮುಂದ."

"ಸಂಜಿಮುಂದ, ಧೂಳಿನಾಗ, ಕುರಿ ನಡುವ! ಆಗ ಎಲ್ಲಾರೂ ಒಂದೇ ಬಣ್ಣ ಕಾಣ್ತಾರ. ಹಗಲೊತ್ತಿನ್ಯಾಗ ನೋಡಿ ಬ್ಯಾಡ ಅಂದ್ರ ಏನು ಮಾಡ್ತಿ?"

ಗಂಗಕ್ಕನಿಗೆ ಆವರೆಗೆ ಇಲ್ಲದ ಭಯ ಆಗ ಹುಟ್ಟಿತು. ಬಿಸಿಲಲ್ಲಿ ತಾನು ಹೇಗೆ ಕಾಣುತ್ತೇನೆಂದು ಅವಳು ಯೋಚಿಸಿದ್ದೇ ಇಲ್ಲ. ಅತ್ತೆ ಹೇಳಿದಂತೆ ಕೇಳುವುದೆಂದು ಆ ಕ್ಷಣವೇ ಒಪ್ಪಿಕೊಂಡಳು.

ಕೆಲಸ ಶುರುವಾಯಿತು. ಬೆಳಿಗ್ಗೆ ಮೊಸರಿನಲ್ಲಿ ಕಲಸಿದ ಕಡಲೆಹಿಟ್ಟು. ಅದು ಒಣಗುವವರೆಗೆ ನಗಬಾರದು, ಮಾತಾಡಬಾರದು. ಮಧ್ಯಾಹ್ನ ಸೋಪು. ಸಂಜೆ ಹಾಲಿನ ಕೆನೆಗೆ ಅರಿಶಿನ. ಖಾರ ಬೇಡ, ಮಜ್ಜಿಗೆ ಹೆಚ್ಚು ಕುಡಿ, ಬೇಗ ಮಲಗು. ಎಲ್ಲಕ್ಕಿಂತ ಮುಖ್ಯವಾಗಿ ಬಿಸಿಲಿಗೆ ಕಾಲಿಡಬೇಡ. ಶಾಂತಕ್ಕನ ಗಂಡ ಆದವಾನಿಯಲ್ಲಿ ಹತ್ತಿ ಮಿಲ್ಲಿನ ಗೇಟು ಕಾಯುತ್ತಿದ್ದ. ಆ ಗೇಟಿನಲ್ಲಿ ಓಡಾಡುವ ಸಾಹುಕಾರರ ಹೆಂಡಂದಿರ ಮುಖಗಳನ್ನೆಲ್ಲ ಶಾಂತಕ್ಕ ನೋಡಿದ್ದಳು. ಆ ಮುಖಗಳು ಬೆಳ್ಳಗಿರುವುದು ಕಾರಿನಲ್ಲಿ ಕೂತಿರುವುದರಿಂದ ಅಂತ ಅವಳಿಗೆ ಅನ್ನಿಸಿರಲಿಲ್ಲ. ಸ್ನೋದಿಂದಲೇ ಅಂತ ನಂಬಿದ್ದಳು.

ಹೊರಗೆ ಕುರಿಗಳು ಉಚ್ಚೀರಪ್ಪನ ಪಾಲಿಗೆ ಬಂದವು. ಅವನಿಗೆ ಮೊಣಕಾಲು ನೋವು. ಕುರಿಗಳಿಗೆ ಅದು ಮೊದಲ ದಿನವೇ ಗೊತ್ತಾಯಿತು. ಅವು ಊರಿನವರ ಸಜ್ಜೆಯನ್ನೆಲ್ಲ ರುಚಿ ನೋಡಿದವು. ಬೈಸಿಕೊಂಡು ಬಂದ ತಂದೆ ಮಗಳ ಮುಖ ನೋಡಿ, "ಬೆಳ್ಳಗಾಗ್ಯಾಳ ಬಿಡು" ಎಂದು ನಿಟ್ಟುಸಿರು ಬಿಟ್ಟ.

ನಿಜವಾಗಿಯೂ ಗಂಗಕ್ಕನ ಚರ್ಮ ನುಣುಪಾಗಿತ್ತು. ಕೈಗನ್ನಡಿಯಲ್ಲಿ ನೋಡಿಕೊಂಡು ಅವಳಿಗೂ ಖುಷಿಯಾಯಿತು; ಅದನ್ನು ಮುಚ್ಚಿಡುವುದೇನಿದೆ. ಆದರೆ ಒಂದು ಸಂಜೆ ಹಟ್ಟಿಗೆ ಹೋಗಿ ತಾನೇ ಸಾಕಿದ ಕುರಿಯ ಮುಂದೆ ಕೈಚಾಚಿದಾಗ ಅದು ಮೂಸಿ ನೋಡಿ, ಸೀನಿ, ಹಿಂದಕ್ಕೆ ಸರಿಯಿತು. ಕುರಿ ತನ್ನ ಮರಿಯನ್ನೂ ವಾಸನೆಯಿಂದಲೇ ಗುರುತು ಹಿಡಿಯುತ್ತದೆ, ವಾಸನೆ ಬೇರೆಯಾದರೆ ಹಾಲು ಕೊಡುವುದಿಲ್ಲ. ಗಂಗಕ್ಕ ಒಳಗೆ ಬಂದು ಅತ್ತೆಗೆ ಕಾಣದಂತೆ ಅತ್ತಳು. ಅತ್ತರೂ ಮುಖ ಕೆಡುತ್ತದೆಂದು ಅತ್ತೆ ಹೇಳಿದ್ದಳು.

ನೋಡುವವರು ಬಂದದ್ದು ಬಿರುಬಿಸಿಲಿನಲ್ಲಿ. ಗಾದಿಲಿಂಗಪ್ಪನ ತಂದೆ ಕುರಿ ಬಿಟ್ಟು ಬರಲಾಗದೆ ಅಲ್ಲೇ ಉಳಿದಿದ್ದ. ಬಂದವರು ಹುಡುಗನ ಅಜ್ಜಿ ಬಸವಕ್ಕ, ಆಕೆಯ ಕೈ ಹಿಡಿದು ನಡೆಸಲು ಗಾದಿಲಿಂಗಪ್ಪ. ಉಚ್ಚೀರಪ್ಪ ಆ ದಿನ ಹಿಂಡನ್ನು ನೆರೆಮನೆಯವರಿಗೆ ಒಪ್ಪಿಸಿದ್ದ. ಹುಡುಗ ಟವೆಲ್ಲನ್ನು ತಲೆಯಿಂದ ಕೆನ್ನೆಯವರೆಗೂ ಸುತ್ತಿಕೊಂಡು ಗೋಡೆಯ ಮೂಲೆಗೆ ಕೂತ. ಬಾಗಿಲ ಸಂದಿಯಿಂದ ನೋಡಿದ ಗಂಗಕ್ಕನಿಗೆ ಅವನ ಮುಖ ಜ್ವರ ಬಂದು ಎದ್ದವನ ಹಾಗೆ ಬಿಳಿಚಿಕೊಂಡಂತೆ ಕಂಡಿತು. ಪಾಪ, ಏನಾಗಿತ್ತೋ ಅಂದುಕೊಂಡಳು.

ಶಾಂತಕ್ಕ ಸ್ನೋದ ಮೇಲೆ ಪೌಡರು, ಪೌಡರಿನ ಮೇಲೆ ಇನ್ನೊಂದಿಷ್ಟು ಪೌಡರು ಹಾಕಿ ಹುಡುಗಿಯನ್ನು ತಂದು ಕೂರಿಸಿದಳು. ಬಸವಕ್ಕ ಮುಖ ನೋಡಿದಳು. ಮತ್ತೆ ನೋಡಿದಳು. ಹತ್ತಿರ ಸರಿದು, ಹೆಬ್ಬೆರಳಿನಿಂದ ಗಂಗಕ್ಕನ ಕಣ್ಣಿನ ಕೆಳರೆಪ್ಪೆಯನ್ನು ಕೆಳಗೆ ಎಳೆದಳು. ಕುರಿಗೆ ರಕ್ತ ಕಡಿಮೆಯಾದರೆ ಒಳರೆಪ್ಪೆ ಬಿಳಿಚುತ್ತದೆ. ಹುಟ್ಟಿದಾಗಿನಿಂದ ಹಿಂಡಿನ ಜೊತೆ ಇದ್ದವರು ಸಂತೆಯಲ್ಲಿ ಮೊದಲು ನೋಡುವುದೇ ಅದನ್ನು.

"ರಕ್ತ ಚಲೋ ಐತಿ" ಅಂದಳು ಬಸವಕ್ಕ. "ಮತ್ತ ಮಾರಿ ಯಾಕ ಬಿಳಿ ಐತಿ?"

"ಅದು ಆಕೀ ಹುಟ್ಟುಬಣ್ಣರೀ ಯವ್ವಾ" ಅಂದಳು ಶಾಂತಕ್ಕ.

ಅಷ್ಟರಲ್ಲಿ ಬೆವರು ತನ್ನ ಕೆಲಸ ಶುರುಮಾಡಿತ್ತು. ಗಂಗಕ್ಕನ ಹಣೆಯಿಂದ ಒಂದು ಗೆರೆ ಇಳಿದು ಕೆನ್ನೆಯ ಮೇಲೆ ಕಪ್ಪು ದಾರಿ ಮಾಡಿತು. ಇನ್ನೊಂದು ಕಿವಿಯ ಹತ್ತಿರ ಇಳಿಯಿತು.

"ಕಿವಿ ಹತ್ರ ಒಂದು ಬಣ್ಣ, ಕೆನ್ನಿ ಮ್ಯಾಲ ಒಂದು ಬಣ್ಣ. ಹುಟ್ಟುಬಣ್ಣ ಎರಡು ಇರ್ತಾವೇನಬೇ?"

"ಕುರಿಗೆ ಇರ್ತಾವ" ಅಂದ ಉಚ್ಚೀರಪ್ಪ, ತಂಗಿಗೆ ನೆರವಾಗಲೆಂದು.

ಬಸವಕ್ಕ ದನಿ ತಗ್ಗಿಸಿ, "ತೊನ್ನು ಇದ್ರ ಇದ್ದಂಗ ಹೇಳ್ರಿ. ಮುಚ್ಚಿ ಕೊಡಬ್ಯಾಡ್ರಿ" ಅಂದಳು. ಆ ಕಾಲದಲ್ಲಿ ಆ ಒಂದು ಮಾತು ಹೊರಗೆ ಹೋದರೆ ಆ ಮನೆಯ ಹುಡುಗಿಯನ್ನು ಕೇಳಿಕೊಂಡು ಮತ್ತೆ ಯಾರೂ ಬರುತ್ತಿರಲಿಲ್ಲ. ತೊಳೆದು ತೋರಿಸಿದರೆ ಕಪ್ಪು ಕಾಣುತ್ತದೆ, ತೊಳೆಯದಿದ್ದರೆ ರೋಗ ಅನ್ನುತ್ತಾರೆ. ಎರಡರಲ್ಲಿ ಯಾವುದು ಮೇಲು ಎಂದು ಶಾಂತಕ್ಕ ನಿಜವಾಗಿಯೂ ಲೆಕ್ಕ ಹಾಕುತ್ತಿದ್ದಳು.

ಗಂಗಕ್ಕ ಲೆಕ್ಕ ಹಾಕಲಿಲ್ಲ. ಎದ್ದಳು. ಅತ್ತೆ ಸೆರಗು ಹಿಡಿದರೂ ನಿಲ್ಲದೆ ಅಂಗಳಕ್ಕೆ ಹೋಗಿ, ಕುರಿಗಳಿಗೆ ನೀರು ತುಂಬಿಡುವ ಕಲ್ಲುಬಾನಿಯ ಮುಂದೆ ಕೂತಳು. ಅವನು ಬೇಡವೆಂದರೆ ಎದೆ ಒಡೆಯುತ್ತದೆ, ಅದು ಅವಳಿಗೆ ಗೊತ್ತಿತ್ತು. ಆದರೂ ಎರಡೂ ಕೈಯಲ್ಲಿ ನೀರು ಮೊಗೆದು ಮುಖ ಉಜ್ಜಿದಳು. ಸ್ನೋ ಹೋಯಿತು, ಪೌಡರು ಹೋಯಿತು, ನೆರಳಲ್ಲಿ ಕೂತು ಗಳಿಸಿದ ನುಣುಪು ಮಾತ್ರ ಉಳಿಯಿತು. ಸೆರಗಿನಲ್ಲಿ ಒರೆಸಿಕೊಂಡು ಬಂದು ಅಜ್ಜಿಯ ಮುಂದೆ ನಿಂತಳು.

"ನೋಡಬೇ. ಇಷ್ಟೇ ಐತಿ."

ಬಸವಕ್ಕ ನೋಡಿದಳು. ಕಿವಿಯ ಹತ್ತಿರ, ಕೆನ್ನೆಯ ಮೇಲೆ, ಎಲ್ಲ ಕಡೆ ಒಂದೇ ಕಪ್ಪು. ಮೊಮ್ಮಗನ ಕಡೆ ತಿರುಗಿ, "ಏನಪಾ, ನೀ ಹೇಳಿದ್ದು ಈಕಿನೇ ಏನು?" ಅಂದಳು.

ಗಾದಿಲಿಂಗಪ್ಪ ಎದ್ದು ಹೊರಗೆ ನಡೆದ. ಗಂಗಕ್ಕನಿಗೆ ಎಲ್ಲ ಮುಗಿಯಿತು ಅನ್ನಿಸಿತು. ಅವನು ಬಾಗಿಲು ದಾಟಿದ, ಅಂಗಳ ದಾಟಲಿಲ್ಲ. ಬಾನಿಯ ಹತ್ತಿರ ಕೂತ, ಟವೆಲ್ಲು ಬಿಚ್ಚಿದ, ಮುಖ ತೊಳೆಯತೊಡಗಿದ. ಬಹಳ ಹೊತ್ತು ತೊಳೆದ. ತಿರುಗಿ ಬಂದಾಗ ಗಂಗಕ್ಕನಿಗಿಂತ ಒಂದು ಕೈ ಹೆಚ್ಚೇ ಕಪ್ಪಾಗಿದ್ದ.

"ಇವನ ಗೆಳ್ಯಾರು ಇವಂಗೂ ಪೌಡರು ಬಳಿದಿದ್ರೇನಪಾ!" ಅಂದಳು ಬಸವಕ್ಕ. "ನಾ ಮುಂಜಾನಿ ಇವಂದೂ ಕಣ್ಣು ಎಳದು ನೋಡೀನಿ, ಜ್ವರ ಬಂದಾವು ಅಂತ."

ಗಾದಿಲಿಂಗಪ್ಪ ಹೊಸ್ತಿಲಲ್ಲೇ ನಿಂತು, ನೀರು ಸುರಿಯುವ ಮುಖವನ್ನು ಒರೆಸಿಕೊಳ್ಳದೆ, ಗಂಗಕ್ಕನಿಗೇ ಹೇಳಿದ:

"ನೀ ನನ್ನ ಸಂಜಿಮುಂದ ನೋಡಿದ್ದಿ. ಹಗಲೊತ್ತಿನ್ಯಾಗ ನೋಡಿ ಬ್ಯಾಡ ಅಂತೀಯೇನೋ ಅಂತ ಅಂಜಿಕಿ ಆತು."

ಗಂಗಕ್ಕ ನಕ್ಕುಬಿಟ್ಟಳು. ಶಾಂತಕ್ಕ ಕಡಲೆಹಿಟ್ಟಿನ ಡಬ್ಬಿಯನ್ನು ಎತ್ತಿಕೊಂಡು ಒಳಗೆ ಹೋಗಿ, ಉಳಿದದ್ದರಲ್ಲಿ ಬಂದವರಿಗೆ ಬಜ್ಜಿ ಮಾಡಿದಳು. ಬಜ್ಜಿ ಚೆನ್ನಾಗಿದ್ದವು.

ಸಂಜೆ ಹಿಂಡು ಬಂತು. ಕುರಿಗಳು ಬಾನಿಯ ಸುತ್ತ ನಿಂತು, ಬಿಳಿಯಾಗಿದ್ದ ನೀರನ್ನು ಮೂಸಿ, ಸೀನಿ, ಒಂದೂ ಬಾಯಿ ಹಾಕಲಿಲ್ಲ. ಗಂಗಕ್ಕನೂ ಗಾದಿಲಿಂಗಪ್ಪನೂ ಸೇರಿ ಬಾನಿಯನ್ನು ಬರಿದು ಮಾಡಿ, ಉಜ್ಜಿ ತೊಳೆದು, ಬಾವಿಯಿಂದ ಹೊಸ ನೀರು ತಂದು ತುಂಬಿಸಿದರು.